ನಂದಾದೀಪದ ಬತ್ತಿ

ರೈಲ್ವೆ ಟಿಕೆಟ್ ಕಾದಿರಿಸುವ ಜಾಲತಾಣ ದಿನವೂ ನಡುರಾತ್ರಿಯ ಆಸುಪಾಸಿನಲ್ಲಿ ಅರ್ಧ ಗಂಟೆಯಷ್ಟು ಹೊತ್ತು ಬಾಗಿಲು ಹಾಕಿಕೊಳ್ಳುತ್ತದೆ. ಆ ಹೊತ್ತಿಗೆ ಟಿಕೆಟ್ ಬೇಕಾದವರು ಗೊಣಗುತ್ತಾ ಕಾಯುತ್ತಾರೆ. ನನಗಂತೂ ಆ ಪದ್ಧತಿಯಲ್ಲಿ ಒಂದು ಪ್ರಾಮಾಣಿಕತೆ ಕಾಣುತ್ತದೆ: ಅಂಗಡಿ ಗುಡಿಸುವ ಹೊತ್ತು ಎಂದು ಹೇಳಿಯೇ ಗುಡಿಸುವುದು. ಆದರೆ ದಿನಕ್ಕೆ ಅರ್ಧ ಗಂಟೆ ಎಂದರೆ ವರ್ಷಕ್ಕೆ 180 ಗಂಟೆಗೂ ಹೆಚ್ಚು. ‘ಶೇ 99.9ರಷ್ಟು ಹೊತ್ತು ತೆರೆದಿರುತ್ತೇವೆ’ ಎಂದು ಮಾತು ಕೊಟ್ಟವರಿಗೆ ವರ್ಷಕ್ಕೆ ಸಿಗುವ ಬಿಡುವು ಒಂಬತ್ತು ಗಂಟೆಗಿಂತ ಕಡಿಮೆ. ಶೇ 99.99 ಎಂದರೆ ಸುಮಾರು 52 ನಿಮಿಷ. ಇನ್ನೊಂದು ಒಂಬತ್ತು ಸೇರಿಸಿದರೆ ಉಳಿಯುವುದು ಐದೂಕಾಲು ನಿಮಿಷ. ಜಾಲತಾಣವನ್ನು ನಡೆಸುವ ಕಂಪ್ಯೂಟರ್, ಅಂದರೆ ದೊಡ್ಡ ಸರ್ವರ್ ಒಂದನ್ನು ಆರಿಸಿ ಮತ್ತೆ ಚಾಲೂ ಮಾಡುವುದಕ್ಕೇ ಅಷ್ಟು ಹಿಡಿಯುವುದುಂಟು. ಹಾಗಿದ್ದೂ ಸರ್ವರ್‌ಗಳ ತಂತ್ರಾಂಶ ವಾರವಾರವೂ, ಕೆಲವೆಡೆ ದಿನಕ್ಕೆ ಹಲವು ಬಾರಿಯೂ ಬದಲಾಗುತ್ತಿರುತ್ತದೆ. ಜಾಲತಾಣ ನೋಡುತ್ತಾ ಕುಳಿತವರಿಗೆ ಅದು ತಿಳಿಯುವುದೇ ಇಲ್ಲ.

ಗರ್ಭಗುಡಿಯ ನಂದಾದೀಪದ ಬತ್ತಿಯೂ ಉರಿದು ಮುಗಿಯುತ್ತದೆ. ಹಳೆಯದನ್ನು ಆರಿಸಿ ಹೊಸದನ್ನು ಹಚ್ಚಿದರೆ ಅದು ನಂದಾದೀಪವಾಗುವುದಿಲ್ಲ. ಅದೇ ಎಣ್ಣೆಯಲ್ಲಿ ಹೊಸ ಬತ್ತಿ ಇಟ್ಟು, ಹಳೆಯದರ ಕುಡಿಯಿಂದಲೇ ಹೊತ್ತಿಸಿ, ಅದು ನಿಂತು ಉರಿಯತೊಡಗಿದ ಮೇಲೆ ಹಳೆಯದನ್ನು ತೆಗೆಯಬೇಕು. ನಡುವೆ ಸ್ವಲ್ಪ ಹೊತ್ತು ಎರಡೂ ಉರಿಯುತ್ತಿರುತ್ತವೆ. ಸರ್ವರ್ ನೋಡಿಕೊಳ್ಳುವವರ ನಿದ್ದೆ ಕೆಡಿಸುವುದು ಈ ಎರಡೂ ಉರಿಯುವ ಹೊತ್ತು.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸಬೇಕು. ಡಿಸ್ಕಿನಲ್ಲಿ ಹೊಸ ಆವೃತ್ತಿ ಕೂತ ಮಾತ್ರಕ್ಕೆ ಸರ್ವರ್ ಹೊಸದಾಗುವುದಿಲ್ಲ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಕಡತ ಬೇರೆ, ಕಡತದ ಹೆಸರು ಬೇರೆ. ಹೆಸರೆಂಬುದು ಐನೋಡ್ ಎಂಬ ದಾಖಲೆಯತ್ತ ಬೆರಳು ತೋರಿಸುವ ಚೀಟಿ, ಅಷ್ಟೇ. ಹೊಸ ಆವೃತ್ತಿಯನ್ನು ಅನುಸ್ಥಾಪಿಸಿದಾಗ ಆ ಚೀಟಿ ಹೊಸ ಕಡತದತ್ತ ತಿರುಗುತ್ತದೆ. ಹಳೆಯ ಕಡತಕ್ಕೆ ಹೆಸರು ಹೋಯಿತು, ಆದರೆ ಅದನ್ನು ತೆರೆದಿಟ್ಟುಕೊಂಡು ಓಡುತ್ತಿರುವ ಪ್ರೋಗ್ರಾಮ್ ಇರುವವರೆಗೂ ಲಿನಕ್ಸ್‌ನ ತಿರುಳಾದ ಕರ್ನಲ್ ಅದನ್ನು ಅಳಿಸುವುದಿಲ್ಲ. ಮನೆಯ ಖಾತೆ ಬೇರೆಯವರ ಹೆಸರಿಗೆ ಆಗಿದ್ದರೂ ಹಳೆಯ ಬಾಡಿಗೆದಾರ ಒಳಗೆ ಅಡುಗೆ ಮಾಡಿಕೊಂಡೇ ಇರುವ ಹಾಗೆ.

ಇದು ವರವೂ ಹೌದು, ಬಲೆಯೂ ಹೌದು. ವರ ಏಕೆಂದರೆ ಓಡುತ್ತಿರುವ ತಂತ್ರಾಂಶದ ಕಡತವನ್ನು ಅದರ ಕಾಲಡಿಯಿಂದಲೇ ಬದಲಿಸಬಹುದು, ಅದು ಎಡವುವುದಿಲ್ಲ. ಬಲೆ ಎಂಥದು ಎಂಬುದನ್ನು 2014ರ ಏಪ್ರಿಲ್ 7ರಂದು ಬಯಲಾದ ಹಾರ್ಟ್‌ಬ್ಲೀಡ್ ದೋಷ ತೋರಿಸಿಕೊಟ್ಟಿತು. ಜಾಲತಾಣಗಳ ಗುಟ್ಟು ಕಾಯುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿದ್ದ ಒಂದು ಲೋಪದಿಂದ, ಹೊರಗಿನವರು ಒಂದೊಂದು ಕೋರಿಕೆಗೆ 64 ಕಿಲೋಬೈಟ್‌ನಷ್ಟು ಸರ್ವರ್ ಮೆಮೊರಿಯನ್ನು ಕದ್ದು ಓದಬಹುದಾಗಿತ್ತು. ತಿದ್ದಿದ ಆವೃತ್ತಿ ಕೂಡಲೇ ಬಂತು. ಅದನ್ನು ಹಾಕಿಯೂ ವೆಬ್ ಸರ್ವರ್‌ಗೆ (ಜಾಲತಾಣದ ಪುಟಗಳನ್ನು ಕಳಿಸುವ ತಂತ್ರಾಂಶಕ್ಕೆ) ಮರುಚಾಲನೆ ಕೊಡದಿದ್ದರೆ ದೋಷ ಅಲ್ಲೇ ಇರುತ್ತಿತ್ತು. ಓಡುತ್ತಿದ್ದ ಪ್ರೊಸೆಸ್, ಅಂದರೆ ಚಾಲನೆಯಲ್ಲಿದ್ದ ಪ್ರೋಗ್ರಾಮ್, ಹೆಸರಿಲ್ಲದ ಆ ಹಳೆಯ ಕಡತವನ್ನೇ ಹಿಡಿದುಕೊಂಡಿರುತ್ತಿತ್ತು. ತೆರೆದ ಕಡತಗಳ ಪಟ್ಟಿಯಲ್ಲಿ ‘ಅಳಿಸಲಾಗಿದೆ’ ಎಂಬ ಗುರುತು ಹೊತ್ತ ಹೆಸರುಗಳನ್ನು ಹುಡುಕುವ ಅಭ್ಯಾಸ ನನಗೆ ಆಗ ಹತ್ತಿದ್ದು, ಇನ್ನೂ ಬಿಟ್ಟಿಲ್ಲ.

ಹಾಗಾದರೆ ಮರುಚಾಲನೆ ಆಗಲೇಬೇಕು. ಇಲ್ಲಿ ತೊಂದರೆ ಪೋರ್ಟ್‌ನದು, ಅಂದರೆ ಹೊರಗಿನವರು ಸರ್ವರ್‌ಗೆ ಬರುವ, ಸಂಖ್ಯೆ ಹಾಕಿದ ಬಾಗಿಲಿನದು. ಬ್ರೌಸರ್‌ಗಳು ಬಂದು ಬಾಗಿಲು ತಟ್ಟುವುದು 443ನೇ ಪೋರ್ಟ್‌ನಲ್ಲಿ. ಅಲ್ಲಿ ಕಿವಿಗೊಟ್ಟು ಕುಳಿತ ಪ್ರೊಸೆಸ್ ಎದ್ದು ಹೋಗಿ, ಹೊಸದು ಬಂದು ಕೂರುವ ನಡುವೆ ಅರ್ಧ ಸೆಕೆಂಡ್ ಹಿಡಿದರೂ ಆ ಅರ್ಧ ಸೆಕೆಂಡಿನಲ್ಲಿ ತಟ್ಟಿದವರನ್ನೆಲ್ಲ ಕರ್ನಲ್ ಮುಲಾಜಿಲ್ಲದೆ ವಾಪಸ್ ಕಳಿಸುತ್ತದೆ. ಹಣ ಪಾವತಿಯ ಅರ್ಧದಾರಿಯಲ್ಲಿದ್ದವರ ಪಾಡು ಬೇರೆ.

ರಷ್ಯಾದ ಇಗೊರ್ ಸಿಸೊಯೆವ್ 2004ರಲ್ಲಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇದಕ್ಕೆ ಹೂಡಿದ ಉಪಾಯ ನನ್ನ ಮಟ್ಟಿಗೆ ಲಿನಕ್ಸ್‌ಗೆ ಮಾದರಿಯಾದ ಯೂನಿಕ್ಸ್ ಲೋಕದ ಅತಿ ಚೆಂದದ ಕಸಬುಗಳಲ್ಲಿ ಒಂದು. ಅದರಲ್ಲಿ ಒಬ್ಬ ಯಜಮಾನ, ಹಲವು ಆಳುಗಳು; ಎಲ್ಲವೂ ಪ್ರೊಸೆಸ್‌ಗಳೇ. ಬಾಗಿಲು ಯಜಮಾನನ ಸುಪರ್ದಿನಲ್ಲಿ. ಬಂದವರನ್ನು ವಿಚಾರಿಸುವುದು ಆಳುಗಳ ಕೆಲಸ. ಹೊಸ ಆವೃತ್ತಿಯನ್ನು ಡಿಸ್ಕಿಗೆ ಹಾಕಿ ಹಳೆಯ ಯಜಮಾನನಿಗೆ ‘ಯುಎಸ್‌ಆರ್2’ ಎಂಬ ಸಿಗ್ನಲ್ (ಓಡುತ್ತಿರುವ ಪ್ರೊಸೆಸ್‌ಗೆ ಮಾಡುವ ಸನ್ನೆ) ಕೊಟ್ಟರೆ, ಅವನು ಹೊಸ ಆವೃತ್ತಿಯಿಂದ ಇನ್ನೊಬ್ಬ ಯಜಮಾನನನ್ನು ಹುಟ್ಟಿಸುತ್ತಾನೆ. ಯೂನಿಕ್ಸ್‌ನಲ್ಲಿ ಹೆತ್ತ ಪ್ರೊಸೆಸ್ ತೆರೆದಿಟ್ಟ ಸಾಕೆಟ್‌ಗಳು, ಅಂದರೆ ಪೋರ್ಟ್‌ನಲ್ಲಿ ಕಿವಿಗೊಡುವ ಹಿಡಿಕೆಗಳು, ಮಗುವಿಗೆ ಪಿತ್ರಾರ್ಜಿತವಾಗಿ ಬರಬಲ್ಲವು. ಯಾವ ಸಾಕೆಟ್ ಎಲ್ಲಿದೆ ಎಂಬ ಚೀಟಿಯನ್ನಷ್ಟೇ ಹಳಬ ಹೊಸಬನ ಕೈಗಿಡುತ್ತಾನೆ. ಬಾಗಿಲು ಮುಚ್ಚಲೂ ಇಲ್ಲ, ತೆರೆಯಲೂ ಇಲ್ಲ. ಒಂದೇ ಬಾಗಿಲಲ್ಲಿ ಈಗ ಎರಡು ಮನೆತನ. ಬಂದವರಲ್ಲಿ ಕೆಲವರನ್ನು ಹಳೆಯ ಆಳುಗಳು, ಕೆಲವರನ್ನು ಹೊಸ ಆಳುಗಳು ವಿಚಾರಿಸಿಕೊಳ್ಳುತ್ತಾರೆ.

ಮುಂದೆ ‘ವಿಂಚ್’ ಎಂಬ ಸಿಗ್ನಲ್. ಹಳೆಯ ಆಳುಗಳು ಹೊಸಬರನ್ನು ಒಳಗೆ ಕರೆಯುವುದು ನಿಲ್ಲಿಸಿ, ಕೈಯಲ್ಲಿರುವ ಕೆಲಸ ಮುಗಿಸಿ ಹೊರಡುತ್ತಾರೆ. (ಪರದೆಯ ಕಿಟಕಿಯ ಅಳತೆ ಬದಲಾಗಿದೆ ಎಂದು ತಿಳಿಸಲು ಹುಟ್ಟಿದ ಸಿಗ್ನಲ್ ಇದು. ಹಿನ್ನೆಲೆಯಲ್ಲಿ ಓಡುವ ಸರ್ವರ್‌ಗೆ ಪರದೆಯೇ ಇಲ್ಲವಾದ್ದರಿಂದ ಬೇರೆ ಕೆಲಸಕ್ಕೆ ಹಚ್ಚಿದ್ದಾರೆ. ಇನ್ನು ಈ ಸಿಗ್ನಲ್‌ಗಳನ್ನೆಲ್ಲ ಕಳಿಸುವ ಆಜ್ಞೆಯ ಹೆಸರೋ ‘ಕಿಲ್’!) ಆಳುಗಳು ಹೋದರೂ ಹಳೆಯ ಯಜಮಾನ ಮಾತ್ರ ಜಗಲಿಯಲ್ಲಿ ಕೂತಿರುತ್ತಾನೆ. ಹೊಸಬ ಎಡವಿದರೆ ಅವನಿಗೆ ಮತ್ತೆ ಸಿಗ್ನಲ್ ಕೊಟ್ಟು ಆಳುಗಳನ್ನು ಕರೆಸಬಹುದು. ಎಲ್ಲ ಸರಿಯಿದೆ ಎನಿಸಿದ ಮೇಲೆಯೇ ಅವನಿಗೆ ‘ಕ್ವಿಟ್’.

ಇದೆಲ್ಲ ಒಂದು ಯಂತ್ರದ ಕತೆ. ಯಂತ್ರಗಳು ಹತ್ತಿದ್ದರೆ ಬಂದವರನ್ನು ಯಂತ್ರಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಒಂದನ್ನು ಮುಂದೆ ಇಟ್ಟು, ಒಂದೊಂದನ್ನೇ ಸಾಲಿನಿಂದ ಹೊರತೆಗೆದು, ಬದಲಿಸಿ, ಮತ್ತೆ ಸೇರಿಸುತ್ತಾರೆ. ಕೇಳಲು ಸುಲಭ. ಒಂದು ಯಂತ್ರ ಬಿಟ್ಟುಹೋದರೆ?

ಅಮೆರಿಕದ ಷೇರು ವಹಿವಾಟಿನ ಸಂಸ್ಥೆ ನೈಟ್ ಕ್ಯಾಪಿಟಲ್‌ಗೆ 2012ರ ಆಗಸ್ಟ್ 1ರಂದು ಉತ್ತರ ಸಿಕ್ಕಿತು. ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಮಾತ್ರ ಹೊಸ ಕೋಡ್ ಹೋಗಿತ್ತು. ಎಂಟನೆಯದರಲ್ಲಿ 2003ರಲ್ಲೇ ಬಳಕೆ ನಿಲ್ಲಿಸಿದ್ದ, ಆದರೆ ಯಾರೂ ಕಿತ್ತುಹಾಕದ ‘ಪವರ್ ಪೆಗ್’ ಎಂಬ ಹಳೆಯ ಕೋಡ್ ಮಲಗಿತ್ತು. ಅದನ್ನು ಎಬ್ಬಿಸಲು ಹಿಂದೆ ಬಳಸುತ್ತಿದ್ದ ಸಂಕೇತವನ್ನೇ ಹೊಸ ಕೋಡ್ ಬೇರೆ ಅರ್ಥದಲ್ಲಿ ಬಳಸಿತ್ತು. ಏಳು ಯಂತ್ರಗಳು ಸಂಕೇತವನ್ನು ಹೊಸ ಅರ್ಥದಲ್ಲಿ ಓದಿದವು, ಎಂಟನೆಯದು ಹಳೆಯ ಅರ್ಥದಲ್ಲಿ ಓದಿ ಎಗ್ಗಿಲ್ಲದೆ ಷೇರು ಕೊಳ್ಳುತ್ತಾ ಮಾರುತ್ತಾ ಹೋಯಿತು. ಗಾಬರಿಯಾದವರು ಏಳು ಯಂತ್ರಗಳಿಂದ ಹೊಸ ಕೋಡನ್ನು ತೆಗೆದುಹಾಕಿದರು. ಆಗ ಆ ಏಳರಲ್ಲೂ ಹಳೆಯ ಕೋಡ್ ಎದ್ದು ಕುಳಿತಿತು. ಮುಕ್ಕಾಲು ಗಂಟೆಯಲ್ಲಿ 40 ಲಕ್ಷಕ್ಕೂ ಹೆಚ್ಚು ವಹಿವಾಟು, 46 ಕೋಟಿ ಡಾಲರ್‌ಗೂ ಮೀರಿದ ನಷ್ಟ. ‘ತೊಂದರೆಯಾದರೆ ಹಿಂದಕ್ಕೆ ಹೋದರಾಯಿತು’ ಎಂದು ಯಾರಾದರೂ ಹೇಳಿದಾಗ ನನಗೆ ನೆನಪಾಗುವುದು ಈ ಏಳು ಯಂತ್ರಗಳು.

ಕೋಡನ್ನಾದರೂ ಹೀಗೆ ಜೋಡಿಯಾಗಿ ಓಡಿಸಬಹುದು. ಡೇಟಾಬೇಸ್ ಇರುವುದು ಸಾಮಾನ್ಯವಾಗಿ ಒಂದೇ, ಎರಡು ಬತ್ತಿಗೂ ಅದೇ ಎಣ್ಣೆ. ‘ಹೆಸರು’ ಎಂಬ ಒಂದು ಅಂಕಣವನ್ನು ‘ಮೊದಲ ಹೆಸರು’, ‘ಮನೆತನದ ಹೆಸರು’ ಎಂದು ಎರಡಾಗಿಸಬೇಕು ಎನ್ನಿ. ಹಳೆಯ ಅಂಕಣ ಕಿತ್ತ ಕ್ಷಣವೇ ಇನ್ನೂ ಓಡುತ್ತಿರುವ ಹಳೆಯ ಕೋಡ್ ಮುಗ್ಗರಿಸುತ್ತದೆ. ಆದ್ದರಿಂದ ಮೊದಲು ಹೊಸ ಅಂಕಣಗಳನ್ನು ಖಾಲಿಯಾಗಿ ಸೇರಿಸುತ್ತಾರೆ. ಬಳಿಕ ಬರುವ ಕೋಡ್ ಎರಡೂ ಕಡೆ ಬರೆಯುತ್ತದೆ, ಹಳೆಯ ಕಡೆಯಿಂದಲೇ ಓದುತ್ತದೆ. ಹಳೆಯ ದಾಖಲೆಗಳನ್ನು ಸರ್ವರ್‌ಗೆ ಭಾರವಾಗದ ಹಾಗೆ ಕಂತುಕಂತಾಗಿ ನಕಲು ಮಾಡುತ್ತಾರೆ. ಅದಾದ ಮೇಲೆ ಓದುವುದು ಹೊಸ ಕಡೆಗೆ ತಿರುಗುತ್ತದೆ, ಹಳೆಯದಕ್ಕೆ ಬರೆಯುವುದು ನಿಲ್ಲುತ್ತದೆ. ಅರ್ಧ ಗಂಟೆ ಬಾಗಿಲು ಹಾಕಿದರೆ ಮುಗಿಯುತ್ತಿದ್ದ ಕೆಲಸಕ್ಕೆ ಹೀಗೆ ಮೂರು ವಾರ ಹಿಡಿಯುತ್ತದೆ.

ಕೊನೆಯ ಮೆಟ್ಟಿಲು ಹಳೆಯ ಅಂಕಣವನ್ನು ಅಳಿಸುವುದು. ಆ ಹೊತ್ತಿಗೆ ಎಲ್ಲವೂ ಸರಿಯಾಗಿ ನಡೆಯುತ್ತಿರುತ್ತದೆ, ಎಲ್ಲರೂ ಬೇರೆ ಕೆಲಸಕ್ಕೆ ಹೋಗಿರುತ್ತಾರೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ‘ಹಳೆಯ ವಿಳಾಸ’ ಎಂಬ ಅಂಕಣ ನಾಲ್ಕು ವರ್ಷ ಹಾಗೆಯೇ ಇತ್ತು. ಕೊನೆಗೊಮ್ಮೆ ಧೈರ್ಯ ಮಾಡಿ ತೆಗೆದೆವು. ವರ್ಷಕ್ಕೊಮ್ಮೆ, ಮಾರ್ಚ್ 31ರ ರಾತ್ರಿ ಮಾತ್ರ ಓಡುವ ಒಂದು ವರದಿ ಅದನ್ನೇ ಓದುತ್ತಿತ್ತು ಎಂದು ನಮಗೆ ತಿಳಿದದ್ದು ಏಪ್ರಿಲ್ ಒಂದರ ಬೆಳಿಗ್ಗೆ.