ಮುದಿ ಪಾರಿವಾಳದ ಮೊಟ್ಟೆ, ಹರೆಯದ ಜೋಡಿಯ ಕಾವು

ಬೆಂಗಳೂರಿನಲ್ಲಿ ರೇಸ್ ಪಾರಿವಾಳ ಸಾಕುವವರು ನನ್ನ ಕ್ಲಿನಿಕ್‌ಗೆ ಬಂದಾಗ ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. "ಡಾಕ್ಟ್ರೇ, ಈ ಗಂಡಿಗೆ ಹನ್ನೆರಡು ವರ್ಷ ಆಯ್ತು. ಇದರ ಮರಿಗಳು ದೂರದ ರೇಸಲ್ಲಿ ಚೆನ್ನಾಗಿ ಬಂದಿವೆ. ಇನ್ನೂ ಮರಿ ತೆಗೀಬಹುದಾ? ಮುದಿ ಹಕ್ಕಿ ಮರಿಗೆ ದಮ್ ಇರಲ್ಲ ಅಂತಾರಲ್ಲ?"

ತೆಗೆಯಬಹುದು. ಆದರೆ ಇಲ್ಲಿ ಎರಡು ಕೆಲಸ ಇವೆ ಎಂಬುದನ್ನು ಮೊದಲು ನೋಡಬೇಕು. ಮೊಟ್ಟೆ ಕೊಡುವುದು ಒಂದು, ಮರಿ ಬೆಳೆಸುವುದು ಇನ್ನೊಂದು. ವಯಸ್ಸಾದ ಹಕ್ಕಿ ಮೊದಲನೆಯದನ್ನು ಇನ್ನೂ ಮಾಡಬಲ್ಲದು. ಎರಡನೆಯದರಲ್ಲಿ ಸೋಲುತ್ತದೆ. ದಮ್ ಇಲ್ಲ ಎಂಬ ದೂರು ಹೆಚ್ಚಾಗಿ ಹುಟ್ಟುವುದು ಈ ಎರಡನೆಯ ಕೆಲಸದಲ್ಲಿ.

ಪಾರಿವಾಳದ ಮರಿ ಮೊದಲ ನಾಲ್ಕೈದು ದಿನ ಬದುಕುವುದು ಅಪ್ಪ ಅಮ್ಮ ಇಬ್ಬರ ಗಂಟಲ ಚೀಲದಲ್ಲೂ ತಯಾರಾಗುವ ಹಾಲಿನಿಂದ. ಆಮೇಲೆ ಅದರ ಜೊತೆ ನೆನೆದ ಕಾಳು ಸೇರುತ್ತದೆ. ಹುಟ್ಟಿದಾಗ 15 ಗ್ರಾಂ ಆಸುಪಾಸು ಇರುವ ಮರಿ ನಾಲ್ಕು ವಾರದಲ್ಲಿ ಹೆಚ್ಚೂಕಮ್ಮಿ ದೊಡ್ಡ ಹಕ್ಕಿಯ ತೂಕಕ್ಕೆ ಬರುತ್ತದೆ. ಅಷ್ಟು ಬೇಗ ಬೆಳೆಯುವ ಮರಿಗೆ ಮೊದಲ ವಾರ ಹಾಲು ಕಡಿಮೆ ಆದರೆ ಆ ಕೊರತೆ ಆಮೇಲೆ ತುಂಬುವುದು ಕಷ್ಟ. ಕೀಲು ನೋವಿರುವ, ಬೇಗ ಸುಸ್ತಾಗುವ ಮುದಿ ಜೋಡಿ ಎರಡು ಮರಿಗೆ ಹೊಟ್ಟೆ ತುಂಬ ಉಣಿಸಲಾರದು. ಮರಿ ಸೊರಗುತ್ತದೆ. ನಾವು ರಕ್ತ ಮುದಿಯಾಯಿತು ಅನ್ನುತ್ತೇವೆ!

ರಕ್ತದ ವಿಷಯ ಪೂರ್ತಿ ಸುಳ್ಳೂ ಅಲ್ಲ. ವಯಸ್ಸಾದಂತೆ ಗಂಡಿನ ವೀರ್ಯದ ವಂಶವಾಹಿಗಳಲ್ಲಿ ಹೊಸ ತಪ್ಪುಗಳು ಸ್ವಲ್ಪ ಜಾಸ್ತಿ ಸೇರುತ್ತವೆ. ಆದರೆ ಒಂದು ಮರಿಯನ್ನು ಮನೆಗೆ ಬೇಗ ತರಿಸುವ ಗುಣಗಳು ಅಪ್ಪನ ವಯಸ್ಸಿನ ಜೊತೆ ಕರಗಿಹೋಗುವುದಿಲ್ಲ.

ಗಂಡು ಮತ್ತು ಹೆಣ್ಣಿನ ಲೆಕ್ಕ ಬೇರೆ ಬೇರೆ. ಪಾರಿವಾಳ ಚೆನ್ನಾಗಿ ಸಾಕಿದರೆ 15 ವರ್ಷ ದಾಟಿ ಬದುಕುತ್ತದೆ. ಎರಡನೇ ಮಹಾಯುದ್ಧದಲ್ಲಿ ಸಂದೇಶ ಒಯ್ದು ಹೆಸರಾದ ಅಮೆರಿಕದ ಸೇನೆಯ ಜಿ.ಐ. ಜೋ 1943ರಲ್ಲಿ ಹುಟ್ಟಿತ್ತು. 1961ರಲ್ಲಿ ಡೆಟ್ರಾಯಿಟ್ ಮೃಗಾಲಯದಲ್ಲಿ ಸಾಯುವಾಗ ಅದಕ್ಕೆ 18 ವರ್ಷ. ಆದರೆ ಬದುಕಿರುವಷ್ಟು ಕಾಲವೂ ಮರಿ ಕೊಡುತ್ತದೆ ಎಂದಲ್ಲ. ಗಂಡಿನಲ್ಲಿ ವೀರ್ಯ ಹೊಸದಾಗಿ ತಯಾರಾಗುತ್ತಲೇ ಇರುತ್ತದೆ. ಹಾಗಾಗಿ ಕೆಲವು ಗಂಡುಗಳು ಹನ್ನೆರಡು, ಹದಿನಾಲ್ಕು ವರ್ಷಕ್ಕೂ ಮರಿ ಕೊಡುತ್ತವೆ. ಹೆಣ್ಣಿಗೆ ಕೆಲಸ ಮಾಡುವುದು ಎಡಗಡೆಯ ಒಂದೇ ಅಂಡಾಶಯ. ಮೊಟ್ಟೆಯೊಡೆದು ಹೊರಬರುವಾಗ ಏನಿತ್ತೋ ಅಷ್ಟರಲ್ಲೇ ಜೀವನವಿಡೀ ನಡೆಯಬೇಕು. ಎಂಟು ಹತ್ತು ವರ್ಷದ ನಂತರ ಎರಡರ ಬದಲು ಒಂದೇ ಮೊಟ್ಟೆ, ತೆಳು ಸಿಪ್ಪೆ, ಒರಟು ಸಿಪ್ಪೆ ಕಾಣಿಸಿಕೊಳ್ಳುತ್ತವೆ.

ಮುದಿ ಗಂಡಿಗೆ ಎರಡು ಮೂರು ವರ್ಷದ ಹೆಣ್ಣು ಹಾಕಿ. ಮುದಿ ಹೆಣ್ಣಿಗೆ ಚುರುಕಾದ ಎಳೆಯ ಗಂಡು ಹಾಕಿ. ಇಬ್ಬರೂ ಮುದಿ ಆದರೆ ತಪ್ಪು ಯಾರದು ಎಂದೂ ಗೊತ್ತಾಗುವುದಿಲ್ಲ. ಮುದಿ ಹಕ್ಕಿ ಇರುವ ಜೋಡಿಗೆ ಪ್ರತ್ಯೇಕ ಗೂಡು ಬೇಕೇ ಬೇಕು. ಹಕ್ಕಿ ತುಂಬಿದ ಪಾರಿವಾಳದ ಮನೆ, ಅಂದರೆ ಲಾಫ್ಟ್‌ನಲ್ಲಿ ಮುದಿ ಗಂಡು ಹೆಣ್ಣಿನ ಮೇಲೆ ಹತ್ತಿದ ತಕ್ಷಣ ಬೇರೆ ಗಂಡು ಬಂದು ಕೆಡವುತ್ತದೆ. ಗೂಡು ನೆಲದ ಹತ್ತಿರ ಇರಲಿ. ನೆಲ ಜಾರಬಾರದು, ಒಂದು ರಬ್ಬರ್ ಮ್ಯಾಟ್ ಹಾಸಿದರೂ ಸಾಕು. ಎರಡೂ ಹಕ್ಕಿಗಳ ಹಿಂಭಾಗದ ದ್ವಾರದ ಸುತ್ತಲಿನ ಗರಿ ಹುಷಾರಾಗಿ ಕತ್ತರಿಸಿ. ಬಂಜೆ ಎಂದು ಬಿಟ್ಟಿದ್ದ ಹಕ್ಕಿಗಳು ಇಷ್ಟರಿಂದಲೇ ಮೊಟ್ಟೆ ಫಲಿಸಿದ್ದನ್ನು ನೋಡಿದ್ದೇನೆ. ಗರಿ ಉದುರಿಸುವ ಕಾಲದಲ್ಲಿ ಮಾತ್ರ ಜೋಡಿ ಹಾಕಬೇಡಿ.

ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಬೆಳೆಸಿಕೊಳ್ಳಿ ಎಂದು ಎಲ್ಲರಿಗೂ ಹೇಳುತ್ತೇನೆ. ಕತ್ತಲೆಯಲ್ಲಿ ಮೊಬೈಲ್ ಟಾರ್ಚ್ ಸಾಕು. ಕಾವಿಗೆ ಕೂತ ಐದನೇ ದಿನಕ್ಕೆ ಜೇಡದ ಕಾಲಿನಂತೆ ಕೆಂಪು ನರಗಳು ಕಾಣಬೇಕು. ಏನೂ ಕಾಣದೆ ಮೊಟ್ಟೆ ತಿಳಿಯಾಗಿದ್ದರೆ ಅದು ಫಲಿಸಿಲ್ಲ. ಆಗ ಮೊದಲು ಗಂಡನ್ನು, ಅದರ ಕಾಲು ಕೀಲನ್ನು ನೋಡಿ. ನರ ಕಂಡು ಆಮೇಲೆ ನಿಂತುಹೋದರೆ, ಅಥವಾ ಪೂರ್ತಿ ಬೆಳೆದ ಮರಿ ಮೊಟ್ಟೆಯೊಳಗೇ ಸತ್ತರೆ, ಗಂಡು ತನ್ನ ಕೆಲಸ ಮಾಡಿದೆ. ತೊಂದರೆ ಸಿಪ್ಪೆಯದ್ದೋ, ಕಾವಿನದ್ದೋ, ಸೋಂಕಿನದ್ದೋ ಇರಬಹುದು. ಸಾಲ್ಮೊನೆಲ್ಲಾ ಎಂಬ ರೋಗಾಣು ಮೊಟ್ಟೆಯ ಮೂಲಕವೇ ಮರಿಗೆ ಹೋಗುತ್ತದೆ. ಮುದಿ ಹಕ್ಕಿಯ ರೆಕ್ಕೆಯ ಕೀಲು ಊದಿದ್ದರೆ ವಯಸ್ಸಿನ ನೋವು ಎಂದು ಬಿಡಬೇಡಿ. ಕೆಲವು ದಿನದ ಹಿಕ್ಕೆ ಒಟ್ಟು ಮಾಡಿ ಲ್ಯಾಬ್‌ಗೆ ಕೊಡಿ. ಒಂದೇ ದಿನದ ಹಿಕ್ಕೆಯಲ್ಲಿ ರೋಗಾಣು ಸಿಗದೇ ಹೋಗಬಹುದು.

ಈಗ ಮುಖ್ಯ ಕೆಲಸ, ಮುದಿ ಜೋಡಿಯ ಮೊಟ್ಟೆಯನ್ನು ಎಳೆಯ ಜೋಡಿಯ ಕೆಳಗಿಟ್ಟು ಅದರಿಂದ ಮರಿ ಬೆಳೆಸುವುದು. ಪಾರಿವಾಳ ಮೊದಲ ಮೊಟ್ಟೆ ಇಟ್ಟು ಸುಮಾರು 44 ಗಂಟೆಗೆ ಎರಡನೆಯದನ್ನು ಇಡುತ್ತದೆ. ಎರಡನೇ ಮೊಟ್ಟೆಯಿಂದ ಲೆಕ್ಕ ಹಾಕಿದರೆ 17-18 ದಿನಕ್ಕೆ ಮರಿ. ಹಾಲು ಮೊಟ್ಟೆಯೊಡೆಯುವ ಒಂದೆರಡು ದಿನ ಮುಂಚೆ ಸಿದ್ಧವಾಗುತ್ತದೆ. ಹಾಗಾಗಿ ಸಾಕುವ ಎಳೆಯ ಜೋಡಿ ಮುದಿ ಜೋಡಿಯ ಹಿಂದುಮುಂದಿನ ಒಂದೆರಡು ದಿನದಲ್ಲೇ ಮೊಟ್ಟೆ ಇಟ್ಟಿರಬೇಕು. ಅದಕ್ಕೆ ಎರಡು ಮೂರು ಜೋಡಿಗಳನ್ನು ಒಂದೇ ದಿನ ಕೂಡಿಸಿಡಿ, ಯಾವುದಾದರೂ ಒಂದು ಹೊಂದುತ್ತದೆ. ಮೊಟ್ಟೆ ಬದಲಾಯಿಸಿದ ಮೇಲೆ ಮುದಿ ಜೋಡಿಯ ಕೆಳಗೆ ಪ್ಲಾಸ್ಟಿಕ್ ಮೊಟ್ಟೆ ಇಡಿ, ಕಾವಿನ ಅಷ್ಟೂ ದಿನ ಕೂರಲಿ. ಇದನ್ನು ಒತ್ತಿ ಹೇಳುತ್ತೇನೆ. ಮೊಟ್ಟೆ ತೆಗೆದು ಗೂಡು ಖಾಲಿ ಬಿಟ್ಟರೆ ಹತ್ತು ದಿನದ ಆಸುಪಾಸಿನಲ್ಲಿ ಹೆಣ್ಣು ಮತ್ತೆ ಮೊಟ್ಟೆ ಇಡುತ್ತದೆ. ಜಾಸ್ತಿ ಮರಿ ಸಿಗಲಿ ಎಂದು ಕೆಲವರು ಬೇಕಂತಲೇ ಹೀಗೆ ಮಾಡುತ್ತಾರೆ. ಹತ್ತು ವರ್ಷದ ಹೆಣ್ಣಿಗೆ ಇದು ಹಿಂಸೆ. ಮೂಳೆಯ ಸುಣ್ಣ ಸಿಪ್ಪೆಗೆ ಹೋಗಿ ಕೊನೆಗೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದೆ. ಹಕ್ಕಿ ಗರಿ ಉಬ್ಬಿಸಿ ಕೂತು ಬಾಲ ಆಡಿಸುತ್ತಾ ತಿಣುಕುತ್ತಿದ್ದರೆ ಬೆಚ್ಚಗಿಟ್ಟು ತಕ್ಷಣ ವೈದ್ಯರ ಹತ್ತಿರ ತನ್ನಿ, ನಾಳೆ ನೋಡೋಣ ಅನ್ನಬೇಡಿ. ಒಮ್ಮೆ ಹೀಗಾದ ಮುದಿ ಹೆಣ್ಣಿಗೆ ಮತ್ತೆ ಜೋಡಿ ಬೇಡವೇ ಬೇಡ. ಆರೋಗ್ಯವಾಗಿದ್ದರೂ ವರ್ಷಕ್ಕೆ ಒಂದು, ಹೆಚ್ಚೆಂದರೆ ಎರಡು ಸಲ ಸಾಕು. ಕಪ್ಪೆಚಿಪ್ಪಿನ ಚೂರು (ಗ್ರಿಟ್) ಸದಾ ಮುಂದಿರಲಿ, ಗೂಡಿಗೆ ಬಿಸಿಲು ಬೀಳಲಿ.

ಎಳೆಯ ಜೋಡಿಯಿಂದ ಮರಿ ಬೆಳೆಸುವುದರಿಂದ ಇನ್ನೊಂದು ಲಾಭ ಇದೆ. ಬಾಯಿ ಗಂಟಲಿನ ಕ್ಯಾಂಕರ್ ರೋಗ ಮರಿಗೆ ಬರುವುದು ಉಣಿಸುವಾಗ ಬಾಯಿಂದ ಬಾಯಿಗೆ. ವರ್ಷಗಟ್ಟಲೆ ಅದನ್ನು ಸುಮ್ನೆ ಹೊತ್ತುಕೊಂಡಿರುವ ಮುದಿ ಹಕ್ಕಿಯಿಂದ ಮರಿ ದೂರ ಉಳಿಯುತ್ತದೆ. ಸಾಕುವ ಜೋಡಿಗೆ ಆ ರೋಗ ಇಲ್ಲ ಎಂದು ಮೊದಲೇ ನೋಡಿಕೊಂಡಿರಬೇಕು, ಅಷ್ಟೆ.

ಒಳ್ಳೆಯ ಮುದಿ ಹಕ್ಕಿ ಕೈತಪ್ಪುತ್ತದೆ ಎಂಬ ಆತಂಕದಲ್ಲಿ ಜನ ಅದನ್ನು ಮಗಳಿಗೇ, ಮೊಮ್ಮಗಳಿಗೇ ಜೋಡಿ ಹಾಕುತ್ತಾರೆ. ತಂದೆ-ಮಗಳ ಜೋಡಿಯಲ್ಲಿ ಒಳತಳಿಯ (ರಕ್ತಸಂಬಂಧದೊಳಗೇ ಮರಿ ಮಾಡುವುದರ) ಪ್ರಮಾಣ 25%, ತಾತ-ಮೊಮ್ಮಗಳಲ್ಲಿ 12.5%. ಮೊಟ್ಟೆಯಲ್ಲೇ ಸಾಯುವುದು, ಮರಿ ಸಣಕಲಾಗುವುದು ಇದರಿಂದಲೂ ಆಗುತ್ತದೆ, ಅಪವಾದ ಮಾತ್ರ ವಯಸ್ಸಿನ ಮೇಲೆ ಬರುತ್ತದೆ. ನನ್ನ ಸಲಹೆ, ಮೊದಲು ಸಂಬಂಧವಿಲ್ಲದ ಒಳ್ಳೆಯ ಹೆಣ್ಣಿನಿಂದ ಎರಡು ಮೂರು ಮಕ್ಕಳನ್ನು ರೇಸಿಗೆ ಬಿಡದೆ ಲಾಫ್ಟ್‌ನಲ್ಲೇ ಉಳಿಸಿಕೊಳ್ಳಿ. ಹತ್ತಿರದ ಜೋಡಿಯ ಯೋಚನೆ ಆಮೇಲೆ.

ಹೊರಗಿನಿಂದ ಬಂದ ಮುದಿ ಹಕ್ಕಿ ಕಡಿಮೆ ಬೆಲೆಗೆ ಸಿಗುತ್ತಿದೆ, ತಗೊಳ್ಳಲಾ ಎಂದೂ ಕೇಳುತ್ತಾರೆ. ವಯಸ್ಸಿನ ಬಗ್ಗೆ ಮೋಸ ಮಾಡುವುದು ಕಷ್ಟ. ಮರಿಗೆ ಏಳೆಂಟು ದಿನ ಆದಾಗ ಹಾಕುವ ಮುಚ್ಚಿದ ರಿಂಗ್‌ನಲ್ಲಿ ವರ್ಷ ಇರುತ್ತದೆ, ದೊಡ್ಡ ಕಾಲಿಗೆ ಅದು ಏರುವುದಿಲ್ಲ. ನೀವು ಕೇಳಬೇಕಾದದ್ದು ಬೇರೆ. ಇದರ ಕೊನೆಯ ಮರಿಗೆ ರಿಂಗ್ ಹಾಕಿದ್ದು ಯಾವ ವರ್ಷ? ಆ ಮರಿ ತೋರಿಸುತ್ತೀರಾ? ಹೋದ ವರ್ಷದ ಮರಿ ಇದ್ದರೆ ಗಂಡನ್ನು ಧೈರ್ಯವಾಗಿ ತನ್ನಿ. ಹೆಣ್ಣಾದರೆ ಈ ವರ್ಷದ್ದೇ ಮೊಟ್ಟೆ, ಅದರ ಸಿಪ್ಪೆ ನೋಡದೆ ದುಡ್ಡು ಕೊಡಬೇಡಿ.