ಕಲ್ಲು ಕೊರೆದ ದಾರಿ

ಕಲಬುರಗಿ ಕಡೆ ಊಟವಾದ ಮೇಲೆ ಬಲ ಪಕ್ಕೆಯ ಕೆಳಗೆ ನೋವು ಬಂದರೆ ಮೊದಲು ಸಿಗುವ ಹೆಸರು ‘ಗ್ಯಾಸ್’. ಆಳಂದ ತಾಲ್ಲೂಕಿನ ನಮ್ಮ ಸೋದರತ್ತೆಯೂ ವರ್ಷಗಟ್ಟಲೆ ಹಾಗೇ ಅಂದರು: ‘ಗ್ಯಾಸ್ ಆಗ್ಯಾದ, ಸೋಡಾ ಕುಡದ್ರ ಇಳೀತದ.’ ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ಕಲ್ಲು ಕಂಡ ಮೇಲೆ ಬಾಳೆದಿಂಡಿನ ರಸ ಶುರುವಾಯಿತು. ಒಂದು ದಿನ ನೋವು ನಿಂತೇ ಹೋಯಿತು. ಕಲ್ಲು ಬಿತ್ತು ಅಂತ ಮನೆಯವರೆಲ್ಲ ನಂಬಿದೆವು. ಕೆಲವೇ ವಾರಕ್ಕೆ ಹೊಟ್ಟೆ ಉಬ್ಬಿತು, ಹಸಿರು ವಾಂತಿ ಹಿಡಿಯಿತು.

ಕಲ್ಲು ಪಿತ್ತಕೋಶ ಬಿಟ್ಟದ್ದು ನಿಜವಾಗಿತ್ತು, ಇರುವ ದಾರಿಯಲ್ಲಿ ಮಾತ್ರ ಹೋಗಿರಲಿಲ್ಲ. ಪಿತ್ತರಸ ಕರುಳಿಗೆ ಇಳಿಯುವುದು ಒಂದು ಸಣ್ಣ ನಾಳದಿಂದ. ಅದರ ತುದಿಯಲ್ಲಿ ತೆರೆದು ಮುಚ್ಚುವ ಸ್ನಾಯುವಿನ ಬಾಗಿಲಿದೆ. 1887ರಲ್ಲಿ ಅದನ್ನು ವಿವರಿಸಿದ ರುಗ್ಗೆರೊ ಒಡ್ಡಿ ಎಂಬುವರು ಆಗಿನ್ನೂ ಇಟಲಿಯಲ್ಲಿ ವೈದ್ಯಕೀಯ ವಿದ್ಯಾರ್ಥಿ. ದೊಡ್ಡ ಕಲ್ಲು ಈ ಬಾಗಿಲಲ್ಲಿ ಹಾಯುವುದಿಲ್ಲ. ಪಿತ್ತಕೋಶ ಮತ್ತೆ ಮತ್ತೆ ಬಾತು, ಪಕ್ಕದ ಸಣ್ಣ ಕರುಳಿನ ಮೊದಲ ಭಾಗಕ್ಕೆ ಅಂಟಿಕೊಳ್ಳುತ್ತದೆ. ಕಲ್ಲು ಒತ್ತಿದಲ್ಲಿ ರಕ್ತ ಸಾಗದೆ ಗೋಡೆ ಕೊಳೆತು, ಎರಡು ಮನೆ ನಡುವಿನ ಗೋಡೆ ಒಡೆದಂತೆ ದಾರಿಯಾಗುತ್ತದೆ. ಇದೇ ಫಿಸ್ಟುಲಾ. ನಮ್ಮಲ್ಲಿ ಈ ಶಬ್ದ ಕೇಳಿದರೆ ಗುದದ ಹತ್ತಿರ ಆಗುವ ಭಗಂದರವೇ ನೆನಪಾಗುವುದರಿಂದ, ಹೊಟ್ಟೆಯೊಳಗೂ ಆಗುತ್ತದೆಂದು ಡಾಕ್ಟರು ಹೇಳಿದಾಗ ನಾವು ಎರಡೆರಡು ಸಲ ಕೇಳಿದೆವು.

ಪಿತ್ತಕೋಶ, ಪಿತ್ತನಾಳಗಳಿಂದ ಕರುಳಿಗೆ ಹೀಗೆ ತಾನಾಗಿ ಬೀಳುವ ದಾರಿಗಳಲ್ಲಿ ಹೆಚ್ಚಿನವಕ್ಕೆ ಕಲ್ಲೇ ಕಾರಣ. ಕರುಳಿನ ಹಳೆಯ ಹುಣ್ಣು ಪಿತ್ತನಾಳದವರೆಗೆ ಕೊರೆಯುವುದೂ ಉಂಟು, ಕ್ಯಾನ್ಸರೂ ಉಂಟು. ದಾರಿ ದೊಡ್ಡ ಕರುಳಿಗೆ ಬಿದ್ದರೆ ಪಿತ್ತರಸ ನೇರ ಅಲ್ಲಿಗೇ ಸುರಿದು ತಿಂಗಳುಗಟ್ಟಲೆ ಭೇದಿಯಾಗಬಹುದು.

ಈ ಕಾಯಿಲೆ ಬಹುಕಾಲ ಕಂಡದ್ದು ಶವದ ಹೊಟ್ಟೆಯಲ್ಲಿ. ಪಿತ್ತದ ಕಲ್ಲು ಕರುಳನ್ನು ಕಟ್ಟಿದ್ದನ್ನು 1654ರಲ್ಲಿ ಡೆನ್ಮಾರ್ಕಿನ ವೈದ್ಯ ಥಾಮಸ್ ಬಾರ್ಥೊಲಿನ್ ಬರೆದಿಟ್ಟದ್ದೂ ಹಾಗೆ ನೋಡಿಯೇ. 1882ರ ಜುಲೈ 15ರಂದು ಬರ್ಲಿನ್‌ನಲ್ಲಿ ಸರ್ಜನ್ ಕಾರ್ಲ್ ಲಾಂಗೆನ್‌ಬುಖ್ ಮೊದಲ ಬಾರಿಗೆ ಪಿತ್ತಕೋಶವನ್ನೇ ತೆಗೆದರು. ಕಲ್ಲನ್ನಷ್ಟೇ ತೆಗೆದರೆ ಸಾಲದು, ಕಲ್ಲು ಹುಟ್ಟುವ ಚೀಲವೇ ಹೋಗಬೇಕು ಎಂಬುದು ಅವರ ವಾದ. ನನ್ನ ಮಟ್ಟಿಗೆ ಇಡೀ ಚರಿತ್ರೆಯ ತಿರುವು ಇದೇ, ಏಕೆಂದರೆ ಕೊರೆಯುವ ಮೊದಲೇ ಕಲ್ಲನ್ನು ತಡೆಯಲು ಅಲ್ಲಿಂದ ಸಾಧ್ಯವಾಯಿತು. 1941ರಲ್ಲಿ ಅಮೆರಿಕದ ಎಕ್ಸ್‌ರೇ ತಜ್ಞ ಲಿಯೋ ರಿಗ್ಲರ್ ಮತ್ತು ಸಂಗಡಿಗರು ಎಕ್ಸ್‌ರೇಯಲ್ಲಿ ಹುಡುಕಬೇಕಾದ ಮೂರು ಗುರುತು ಕೊಟ್ಟರು: ಕಟ್ಟಿ ಉಬ್ಬಿದ ಕರುಳು, ಇರಬಾರದ ಜಾಗದಲ್ಲಿ ಕಲ್ಲು, ಪಿತ್ತನಾಳದಲ್ಲಿ ಗಾಳಿ. ಹೊಸ ದಾರಿಗೆ ಬಾಗಿಲಿಲ್ಲದ ಕಾರಣ ಕರುಳಿನ ಗಾಳಿ, ಅದರ ಜೊತೆ ರೋಗಾಣು, ಮೇಲಕ್ಕೆ ಏರುತ್ತವೆ. ಬಾಯಿಂದ ಕೊಳವೆ ಇಳಿಸಿ ಪಿತ್ತನಾಳಕ್ಕೆ ಮಾಡುವ ಇಆರ್‌ಸಿಪಿ ಚಿಕಿತ್ಸೆಯಲ್ಲಿ ನಾಳದ ತುದಿಯ ಆ ಸ್ನಾಯು ಕತ್ತರಿಸಿಕೊಂಡವರಲ್ಲೂ ಗಾಳಿ ಕಾಣುವುದರಿಂದ ಒಂದೇ ಗುರುತು ನೋಡಿ ಹೇಳಲಾಗದು. ಈಗ ಸಿಟಿ ಸ್ಕ್ಯಾನ್ ಮೂರನ್ನೂ ಒಟ್ಟಿಗೆ ತೋರಿಸುತ್ತದೆ.

ನಮ್ಮ ಭಾಗಕ್ಕೆ ಇದೆಲ್ಲ ತಡವಾಗಿ ಬಂತು. ಕಲಬುರಗಿಯ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಶುರುವಾದದ್ದು 1963ರಲ್ಲಿ. ಅದಾದ ಮೇಲೂ ದೊಡ್ಡ ಆಪರೇಷನ್ ಅಂದರೆ ಸೊಲ್ಲಾಪುರ, ಇಲ್ಲವೇ ಹೈದರಾಬಾದ್ ಎಂಬ ಮಾತು ಹೋಗಲಿಲ್ಲ. ಖರ್ಚಿಗೆ ಹೆದರಿ ತೊಗರಿ ರಾಶಿ ಮುಗಿಯಲಿ, ಮದುವೆ ಮುಗಿಯಲಿ ಎಂದು ಮುಂದೂಡುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಕಲ್ಲಿದ್ದು ನೋವಿಲ್ಲದ ಎಷ್ಟೋ ಜನರಿಗೆ ಆಪರೇಷನ್ ಬೇಕಿಲ್ಲ. ಮತ್ತೆ ಮತ್ತೆ ನೋವು ಬರುವವರ ಮಾತೇ ಬೇರೆ. ಕಿಡ್ನಿಯ ಸಣ್ಣ ಹರಳು ನೀರು ಕುಡಿದರೆ ಮೂತ್ರದಲ್ಲಿ ಹೋದೀತು, ಪಿತ್ತಕೋಶದ್ದು ಹಾಗೆ ಹೋಗುವುದಿಲ್ಲ.

ಅತ್ತೆಯ ಕಲ್ಲು ಸಣ್ಣ ಕರುಳಿನ ಕೊನೆಯ ಇಕ್ಕಟ್ಟಿನಲ್ಲಿ ಸಿಕ್ಕಿತ್ತು. ಎರಡೂವರೆ ಸೆಂಟಿಮೀಟರ್ ದಾಟಿದವು ಹೆಚ್ಚಾಗಿ ನಿಲ್ಲುವುದು ಅಲ್ಲೇ. ಎಪ್ಪತ್ತು ದಾಟಿದ, ವಾಂತಿಯಿಂದ ಸೊರಗಿದ ಜೀವ. ಸರ್ಜನ್ ಕರುಳು ಸೀಳಿ ಕಲ್ಲನ್ನಷ್ಟೇ ತೆಗೆದು ಹೊಲಿದರು, ಆ ದಾರಿಯನ್ನು ಮುಟ್ಟಲಿಲ್ಲ. ಒಳಗೆ ಬೇರೆ ಕಲ್ಲು ಉಳಿದಿರದಿದ್ದರೆ ಅದು ಎಷ್ಟೋ ಸಲ ತಾನಾಗಿಯೇ ಮುಚ್ಚಿಕೊಳ್ಳುತ್ತದಂತೆ.