ರೆಸಿನ್ ಕನ್ವರ್ಷನ್ ಕಿಟ್: ಯುದ್ಧದ ಜೀಪನ್ನು ತೋಟದ ಜೀಪಾಗಿಸುವಾಗ ಕಲಿತದ್ದು

ಸಕಲೇಶಪುರದ ಹತ್ತಿರ ನಮ್ಮ ತಾತನ ಕಾಫಿ ತೋಟದಲ್ಲಿ ಒಂದು ಮಹೀಂದ್ರಾ ಜೀಪಿತ್ತು. ಎತ್ತರದ ಬಾನೆಟ್, ದೊಡ್ಡ ಕಣ್ಣಿನಂಥ ಲೈಟು, ಮೇಲೆ ಟಾರ್ಪಾಲು. ಈಗ ಉಳಿದಿರುವುದು ಮೂರು ಫೋಟೋ ಮಾತ್ರ. ಆ ಜೀಪಿನದೇ ಪುಟ್ಟ ಮಾದರಿಯನ್ನು 1:35 ಅಳತೆಯಲ್ಲಿ, ಅಂದರೆ ನಿಜವಾದದ್ದರ ಮೂವತ್ತೈದನೇ ಒಂದು ಪಾಲಿನಷ್ಟು, ಮಾಡಬೇಕು ಅಂತ ಬಸವನಗುಡಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಮಳೆಗಾಲವಿಡೀ ಕೂತಿದ್ದೆ. ಮೊದಲ ಸಲ ಕನ್ವರ್ಷನ್ ಕಿಟ್ ಕೈಗೆತ್ತಿಕೊಳ್ಳುವವರಿಗೆ ಉಪಯೋಗವಾಗಲಿ ಅಂತ ಆಗ ಬರೆದಿಟ್ಟುಕೊಂಡ ಟಿಪ್ಪಣಿಯನ್ನು ಬಿಡಿಸಿ ಹೇಳುತ್ತಿದ್ದೇನೆ.

ಕನ್ವರ್ಷನ್ ಕಿಟ್ ಅಂದರೆ ಪೂರ್ತಿ ಗಾಡಿಯಲ್ಲ. ಅಂಗಡಿಯಲ್ಲಿ ಸಿಗುವ ಒಂದು ಪ್ಲಾಸ್ಟಿಕ್ ಕಿಟ್ಟನ್ನು ಅದೇ ಜಾತಿಯ ಇನ್ನೊಂದು ಗಾಡಿಯಾಗಿ ಬದಲಿಸಲು ಬೇಕಾದ ಭಾಗಗಳಷ್ಟೇ ಅದರಲ್ಲಿರುತ್ತವೆ. ನನ್ನ ಕಿಟ್ಟಿನಲ್ಲಿ ಅವು ರೆಸಿನ್ನಿನವು, ಅಂದರೆ ದ್ರವವಾಗಿ ಅಚ್ಚಿಗೆ ಹೊಯ್ದು ಗಟ್ಟಿಯಾಗಿಸಿದವು. ನನ್ನ ಹತ್ತಿರ ಇದ್ದ ಪ್ಲಾಸ್ಟಿಕ್ ಕಿಟ್ ಎರಡನೇ ಮಹಾಯುದ್ಧದ ಜೀಪು, ವಿಲ್ಲಿಸ್ ಎಂಬಿ. ಆಗಬೇಕಿದ್ದದ್ದು ಸಿಜೆ-3ಬಿ. ವಿಲ್ಲಿಸ್ ಕಂಪನಿ ಇದನ್ನು 1953ರಲ್ಲಿ ಹೊರತಂದಿತು. ಇಲ್ಲಿ ಮಹೀಂದ್ರಾ ಅದೇ ಆಕಾರದ ಜೀಪನ್ನು ಎಷ್ಟೋ ವರ್ಷ ಮಾಡಿತು. ಮಲೆನಾಡಿನವರಿಗೆ ಜೀಪು ಅಂದ ಕೂಡಲೇ ಕಣ್ಣ ಮುಂದೆ ಬರುವುದು ಈ ಮುಖವೇ ಅಲ್ವಾ?

ಗರಗಸ ಮುಟ್ಟುವ ಮುಂಚೆ ಎರಡೂ ಗಾಡಿಗಳನ್ನು ಚೆನ್ನಾಗಿ ಓದಿಕೊಳ್ಳಿ. ಎಂಬಿಯ ಎಂಜಿನ್‌ನಲ್ಲಿ ಎಲ್ಲ ವಾಲ್ವುಗಳೂ ಬ್ಲಾಕಿನೊಳಗೇ ಇದ್ದವು. ಹಾಗಾಗಿ ಎಂಜಿನ್ ಕುಳ್ಳು, ಬಾನೆಟ್ ಚಪ್ಪಟೆ. ಸಿಜೆ-3ಬಿಗೆ ಬಂದ ಹರಿಕೇನ್ ಎಂಜಿನ್ ಕೂಡ ಅದೇ 2.2 ಲೀಟರಿನದು. ಆದರೆ ಗಾಳಿ ಎಳೆದುಕೊಳ್ಳುವ ವಾಲ್ವುಗಳನ್ನು ಮೇಲಿನ ಹೆಡ್ಡಿಗೆ ಒಯ್ದರು. ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟೂ ಏರಿತು. ಬಾನೆಟ್ ಏರಿದ ಮೇಲೆ ಗ್ರಿಲ್ ಏರಲೇಬೇಕು, ಬಾನೆಟ್ಟಿಗೂ ಮುಂದಿನ ಗಾಜಿಗೂ ನಡುವಿನ ಕೌಲ್ ಕೂಡ ಏರಲೇಬೇಕು. ಇಷ್ಟು ಗೊತ್ತಿದ್ದರೆ ಕಿಟ್ಟಿನಲ್ಲಿ ಆ ಭಾಗಗಳು ಯಾಕಿವೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಎಂಬಿ ಗ್ರಿಲ್ಲಿನಲ್ಲಿ 9 ಸೀಳು, ಸಿಜೆಯಲ್ಲಿ 7. ಎಂಬಿಯ ಲೈಟುಗಳು ಗ್ರಿಲ್ಲಿನ ಹಿಂದೆ ಅಡಗಿವೆ, ಸಿಜೆಯವು ದೊಡ್ಡವು, ಮುಂದಕ್ಕೆ ಬಂದಿವೆ. ಎಂಬಿಯ ಮುಂದಿನ ಗಾಜು ಎರಡು ತುಂಡು, 3ಬಿಯದು ಒಂದೇ. ಎಂಬಿಯ ಎಡಮೈಯಲ್ಲಿ ಸಲಿಕೆ, ಕೊಡಲಿ ಕೂರಿಸಲು ತಗ್ಗುಗಳಿವೆ. ಅವನ್ನು ತುಂಬಿಸಬೇಕು. ಗಾಡಿಯ ಹಿಂಬದಿಯ ತಗಡಿನ ಬದಲು ಕೆಳಗಿಳಿಸುವ ಬಾಗಿಲು ಬರುತ್ತದೆ.

ಬದಲಾಗದೆ ಉಳಿಯುವುದು ವೀಲ್‌ಬೇಸ್. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ ಎರಡರಲ್ಲೂ 80 ಇಂಚು, ಅಂದರೆ 2032 ಮಿಲಿಮೀಟರ್. 1:35ರಲ್ಲಿ 58 ಮಿಲಿಮೀಟರ್. ಈ ಸಂಖ್ಯೆಯನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ದೊಡ್ಡದಾಗಿ ಬರೆದಿಟ್ಟೆ. ಬೇರೆಲ್ಲ ಅಳತೆಗಳನ್ನೂ ಆ ಎರಡು ಆಕ್ಸಲ್‌ಗಳಿಂದಲೇ ತೆಗೆದುಕೊಳ್ಳಿ. ರೆಸಿನ್ ಭಾಗದ ಅಂಚಿನಿಂದ ಅಳೆಯಲು ಹೋದರೆ ಮೋಸವಾಗುತ್ತದೆ, ಯಾಕೆಂದರೆ ರೆಸಿನ್ ಎರಕ ಗಟ್ಟಿಯಾಗುವಾಗ ಒಂದಿಷ್ಟು ಕುಗ್ಗುತ್ತದೆ.

ಎರಕದ ವಿಷಯ ಬಂತಲ್ಲ, ಅದನ್ನೂ ಸ್ವಲ್ಪ ನೋಡೋಣ. ಪ್ಲಾಸ್ಟಿಕ್ ಕಿಟ್ ಮಾಡಲು ಕರಗಿದ ಪಾಲಿಸ್ಟೈರೀನನ್ನು ಉಕ್ಕಿನ ಅಚ್ಚಿನೊಳಗೆ ಒತ್ತಡದಲ್ಲಿ ತೂರಿಸುತ್ತಾರೆ. ಆ ಅಚ್ಚು ದುಬಾರಿ. ಸಾವಿರಾರು ಕಿಟ್ ಮಾರಾಟವಾದರೆ ಮಾತ್ರ ಗಿಟ್ಟುತ್ತದೆ. ಸ್ವಲ್ಪ ಜನರಿಗಷ್ಟೇ ಬೇಕಾದ ಗಾಡಿಗೆ ದಾರಿ ಬೇರೆ. ಕೈಯಿಂದ ಒಂದು ಮೂಲ ಮಾದರಿ ಮಾಡುತ್ತಾರೆ. ಅದರ ಸುತ್ತ ಸಿಲಿಕೋನ್ ರಬ್ಬರ್ ಸುರಿದು ಅಚ್ಚು ತೆಗೆಯುತ್ತಾರೆ. ಆ ಅಚ್ಚಿಗೆ ಎರಡು ದ್ರವ ಬೆರೆಸಿದ ಪಾಲಿಯುರೆಥೇನ್ ರೆಸಿನ್ ಹೊಯ್ಯುತ್ತಾರೆ. ವಿಗ್ರಹ ಎರಕ ಹೊಯ್ಯುವವರ ಕೆಲಸಕ್ಕೂ ಇದಕ್ಕೂ ಹತ್ತಿರದ ನೆಂಟಸ್ತನ. ಹೊಯ್ಯುವಾಗ ಗಾಳಿ ಸಿಕ್ಕಿಕೊಂಡರೆ ಸೂಜಿಮೊನೆಯಂಥ ತೂತುಗಳು ಉಳಿಯುತ್ತವೆ. ಹೊಯ್ದ ಬಾಯಿಯಲ್ಲಿ ಒಂದು ದಪ್ಪ ಗಟ್ಟಿ ಉಳಿಯುತ್ತದೆ, ಅದನ್ನು ನಾವೇ ಕತ್ತರಿಸಬೇಕು. ಅಚ್ಚು ಬಿಡಲಿ ಅಂತ ಸವರಿದ ಎಣ್ಣೆಯಂಥ ಪಸೆಯೂ ಭಾಗಗಳಿಗೆ ಅಂಟಿಕೊಂಡಿರುತ್ತದೆ. ಅದು ಹೋಗದಿದ್ದರೆ ಬಣ್ಣ ನಿಲ್ಲುವುದಿಲ್ಲ, ಅಂಟೂ ಹಿಡಿಯುವುದಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್, ಉಗುರುಬೆಚ್ಚಗಿನ ನೀರು, ಹಳೆಯ ಟೂತ್‌ಬ್ರಷ್ ಸಾಕು. ಬೋರ್‌ವೆಲ್ ನೀರಾದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಕೊನೆಯ ಸಲ ಕುಡಿಯುವ ಫಿಲ್ಟರ್ ನೀರಿನಲ್ಲಿ ಜಾಲಾಡಿಸಿ.

ರೆಸಿನ್ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಉಜ್ಜುವಾಗ ಭಾಗವನ್ನೂ ಸ್ಯಾಂಡ್‌ಪೇಪರನ್ನೂ ಒದ್ದೆ ಮಾಡಿಕೊಳ್ಳಿ, ಎನ್95 ಮಾಸ್ಕ್ ಹಾಕಿಕೊಳ್ಳಿ, ಮೇಜನ್ನು ಒಣಬಟ್ಟೆಯಲ್ಲಿ ಕೊಡವದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಮನೆಯಲ್ಲಿ ಮಕ್ಕಳಿದ್ದಾರೆ ಅಂತ ನಾನು ಉಜ್ಜುವ ಕೆಲಸವನ್ನೆಲ್ಲ ಬಾಲ್ಕನಿಗೆ ಒಯ್ದೆ.

ನನ್ನ ಕಿಟ್ಟಿನ ಬಾನೆಟ್ ಬಾಳೆ ಎಲೆಯಂತೆ ಬಾಗಿ ಬಂದಿತ್ತು. ಹೆದರಬೇಡಿ, ಇದು ಸರಿಹೋಗುತ್ತದೆ. ಕೈ ಇಡಲಾಗದಷ್ಟು ಬಿಸಿಯಾದ, ಆದರೆ ಕುದಿಯದ ನೀರಿನಲ್ಲಿ ಅರ್ಧ ನಿಮಿಷ ಅದ್ದಿದೆ. ಚಮಚದಲ್ಲಿ ತೆಗೆದು, ಗಾಜಿನ ಹಲಗೆಯ ಮೇಲೆ ಒತ್ತಿ ಹಿಡಿದು, ಮೇಲೆ ತಣ್ಣೀರು ಸುರಿದೆ. ಒಂದೇ ಸಲಕ್ಕೆ ಪೂರ್ತಿ ನೆಟ್ಟಗಾಗಲಿಲ್ಲ. ಮೂರನೇ ಸಲಕ್ಕೆ ದಾರಿಗೆ ಬಂತು. ತಣ್ಣಗಿರುವಾಗ ಮಾತ್ರ ಬಗ್ಗಿಸಲು ಹೋಗಬೇಡಿ, ಹಪ್ಪಳದಂತೆ ಮುರಿಯುತ್ತದೆ.

ಈಗ ಕತ್ತರಿಸುವುದು. ಕನ್ವರ್ಷನ್ನಿನ ಜೀವ ಇರುವುದು ಇಲ್ಲೇ, ನಾನು ಎಡವಿದ್ದೂ ಇಲ್ಲೇ. ಬಾನೆಟ್, ಗ್ರಿಲ್, ಗಾಜಿನ ಚೌಕಟ್ಟು ಬೇರೆ ಬೇರೆ ಭಾಗಗಳು, ಹಳೆಯದನ್ನು ಬಿಟ್ಟು ಹೊಸದನ್ನು ಇಟ್ಟರಾಯಿತು. ಕೌಲ್ ಹಾಗಲ್ಲ. ಅದು ಪ್ಲಾಸ್ಟಿಕ್ ಬಾಡಿಗೇ ಸೇರಿಕೊಂಡಿದೆ. ಅದನ್ನು ಗರಗಸದಲ್ಲಿ ಕೊಯ್ದು ತೆಗೆದು, ಆ ಜಾಗಕ್ಕೆ ರೆಸಿನ್ ಕೌಲ್ ಕೂರಿಸಬೇಕು. ಅವೆನ್ಯೂ ರಸ್ತೆಯ ಕಡೆ ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಗಳಲ್ಲಿ ಕೂದಲೆಳೆಯಂಥ ಗರಗಸದ ಎಲೆಗಳು, ಸಣ್ಣ ಅರಗಳು ಸಿಗುತ್ತವೆ. ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ನಾನು ಪೆನ್ಸಿಲಿನಲ್ಲಿ ಗೆರೆ ಎಳೆದು, ಆ ಗೆರೆಯ ಮೇಲೇ ಕೊಯ್ದೆ. ಎಲೆಯ ದಪ್ಪ 0.3 ಮಿಲಿಮೀಟರ್. ಅಷ್ಟು ಪ್ಲಾಸ್ಟಿಕ್ ಪುಡಿಯಾಗಿ ಹೋಯಿತು. ನಿಜವಾದ ಜೀಪಿನಲ್ಲಿ ಅದು ಸುಮಾರು ಒಂದು ಸೆಂಟಿಮೀಟರ್! ಮೇಲೆ ಅರ ಹಾಕಿ ಇನ್ನಷ್ಟು ತಿಂದೆ. ಕೌಲ್ ಕೂರಿಸಿದಾಗ ಅದು ಹಿಂದಕ್ಕೆ ಕುಸಿಯಿತು, ಬಾನೆಟ್ಟಿನ ಮುಂದುಗಡೆ ಎದ್ದಿತು, ಗ್ರಿಲ್ಲಿನ ಮೇಲೆ ಸಂದು ಕಾಣಿಸಿತು. 0.25 ಮಿಲಿಮೀಟರಿನ ಪ್ಲಾಸ್ಟಿಕ್ ಹಾಳೆಯನ್ನು ಎರಡು ಪದರ ಕೆಳಗಿಟ್ಟು ಎತ್ತರಿಸಿದ ಮೇಲೆ ಸರಿಹೋಯಿತು. ಗೆರೆಯ ಹೊರಗೆ, ಎಸೆಯುವ ಭಾಗದ ಕಡೆ ಕೊಯ್ದು, ಉಳಿದದ್ದನ್ನು ಅರದಿಂದ ಗೆರೆಯವರೆಗೆ ತರುವುದೇ ಸರಿಯಾದ ಕ್ರಮ. ಪ್ರತಿ ಹತ್ತು ಸಲ ಉಜ್ಜಿದಾಗಲೂ ಅಂಟಿಲ್ಲದೆ ಸುಮ್ನೆ ಇಟ್ಟು ನೋಡಿ. ಚಕ್ರ, ಮಡ್‌ಗಾರ್ಡ್, ಗ್ರಿಲ್, ಬಾನೆಟ್ ಎಲ್ಲವನ್ನೂ ಟೇಪಿನಲ್ಲಿ ಹಿಡಿಸಿಯೇ ನೋಡಬೇಕು. ಒಂದೊಂದಾಗಿ ನೋಡಿದರೆ ತಪ್ಪು ಅಡಗಿಕೊಳ್ಳುತ್ತದೆ.

ಅಂಟಿನ ವಿಷಯ. ಪ್ಲಾಸ್ಟಿಕ್ ಕಿಟ್ಟಿನ ಸಿಮೆಂಟ್ ನಿಜದಲ್ಲಿ ಅಂಟಲ್ಲ. ಅದು ಎರಡು ಅಂಚುಗಳನ್ನೂ ಕರಗಿಸಿ ಒಂದಾಗಿಸುತ್ತದೆ. ರೆಸಿನ್ ಅದಕ್ಕೆ ಕರಗುವುದೇ ಇಲ್ಲ. ಹಾಗಾಗಿ ಫೆವಿಕ್ವಿಕ್‌ನಂಥ ಸೈಯನೋಅಕ್ರಿಲೇಟ್ ಅಥವಾ ಅರಾಲ್ಡೈಟ್‌ನಂಥ ಎಪಾಕ್ಸಿ ಬೇಕು. ಸೈಯನೋಅಕ್ರಿಲೇಟ್ ಗಾಳಿಯ ತೇವದಿಂದಲೇ ಗಟ್ಟಿಯಾಗುತ್ತದೆ. ಜುಲೈನ ಜಿಟಿಜಿಟಿ ಮಳೆಯಲ್ಲಿ ಅದು ಹಿಡಿಯುವ ವೇಗ ನೋಡಿ ನನಗೆ ಗಾಬರಿಯಾಗಿತ್ತು, ಕೌಲನ್ನು ಸರಿಸಲು ಸಮಯವೇ ಸಿಗಲಿಲ್ಲ. ಜಾಸ್ತಿ ಹಾಕಿದರೆ ಸುತ್ತ ಬಿಳಿ ಮಂಜು ಕೂರುತ್ತದೆ. ದೊಡ್ಡ ಭಾಗಗಳಿಗೆ ಎಪಾಕ್ಸಿಯೇ ಮೇಲು, ಕೆಲವು ನಿಮಿಷ ಹೊಂದಿಸಿಕೊಳ್ಳಬಹುದು. ತಪ್ಪಾಗಿ ಅಂಟಿದ್ದನ್ನು ಬಿಡಿಸಲು ಅಸಿಟೋನ್ ಮುಟ್ಟಬೇಡಿ. ಅದು ಅಂಟಿನ ಜೊತೆ ಪ್ಲಾಸ್ಟಿಕ್ ಬಾಡಿಯನ್ನೂ ಕರಗಿಸುತ್ತದೆ. ಭಾರ ಹೊರುವ ಕಡೆ ಅಂಟೊಂದನ್ನೇ ನಂಬಬಾರದು. ಎರಡೂ ಕಡೆ ತೂತು ಕೊರೆದು 0.5 ಮಿಲಿಮೀಟರಿನ ಹಿತ್ತಾಳೆ ತಂತಿ ಸೇರಿಸಿ.

ನಮ್ಮ ಜೀಪಿನ ಸ್ಟಿಯರಿಂಗ್ ಬಲಗಡೆ. ಎಂಬಿ ಕಿಟ್ಟಿನದು ಎಡಗಡೆ. ಕನ್ವರ್ಷನ್ ಕಿಟ್ಟಿನಲ್ಲಿ ಇದಕ್ಕೆ ಏನೂ ಇರಲಿಲ್ಲ. ಪೆಡಲುಗಳನ್ನು ಬಿಡಿಸಿ ಬಲಕ್ಕೆ ತಂದೆ. ನೆಲದಲ್ಲಿ ಉಳಿದ ಹಳೆಯ ತೂತುಗಳನ್ನು ಮುಚ್ಚಿದೆ. ಸ್ಟಿಯರಿಂಗ್ ಕಂಬಕ್ಕೆ ಹೊಸ ತೂತು ಕೊರೆದೆ. ಎರಡು ಸಂಜೆ ಹಿಡಿಯಿತು. ಆದರೆ ತಾತ ಕೂರುತ್ತಿದ್ದ ಕಡೆ ಸ್ಟಿಯರಿಂಗ್ ಬಂದು ನಿಂತಾಗಲೇ ನನಗೆ ಅದು ನಮ್ಮ ಜೀಪು ಅನ್ನಿಸಿದ್ದು.

ಸಲಿಕೆ, ಕೊಡಲಿಯ ತಗ್ಗುಗಳಿಗೆ ಎಪಾಕ್ಸಿ ಪುಟ್ಟಿ ಹಾಕಿದೆ. ಎಂ-ಸೀಲ್ ಒಳಗಡೆ ತುಂಬಲು ಸಾಕು, ಹೊರಗಡೆಗೆ ಅದರ ಕಣ ದಪ್ಪವಾಯಿತು, ಅಲ್ಲಿ ಮಾಡೆಲ್ ಪುಟ್ಟಿಯೇ ಬೇಕು. ಆಮೇಲೆ ಬೂದು ಪ್ರೈಮರ್. ರೆಸಿನ್ನಿನ ಸೂಜಿತೂತುಗಳು ಪ್ರೈಮರ್ ಬಿದ್ದ ಮೇಲೆಯೇ ಬಾಯಿ ತೆರೆದು ತೋರಿಸುತ್ತವೆ. ಮತ್ತೆ ಪುಟ್ಟಿ, ಮತ್ತೆ ಪ್ರೈಮರ್. ಮಳೆ ಸುರಿಯುವ ದಿನ ಸ್ಪ್ರೇ ಮಾಡಬೇಡಿ, ಲ್ಯಾಕರ್ ಬಣ್ಣ ತೇವ ಹಿಡಿದು ಬೆಳ್ಳಗಾಗುತ್ತದೆ.

ಟಾರ್ಪಾಲಿಗೆ ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ, ತಂತಿಯ ಬಿಲ್ಲುಗಳ ಮೇಲೆ ಹಾಸಿದ್ದೇನೆ. ನಿನ್ನೆ ರಾತ್ರಿ ಹಾಸಿದ್ದು, ಮಡಿಕೆಗಳು ಇನ್ನೂ ಒದ್ದೆಯಾಗಿವೆ. ನಾಳೆ ಒಣಗಿದ ಮೇಲೆ ಹಸಿರು ಬಳಿದು, ಚಕ್ರಗಳಿಗೆ ಸಕಲೇಶಪುರದ ಕೆಮ್ಮಣ್ಣಿನ ಬಣ್ಣ ಹಚ್ಚಬೇಕು.